ಮೂರು ತಿಂಗಳಿಗೆ ಕಾಂಟ್ರಾಕ್ಟ್ ಡೆವಲಪರ್ ತಗೊಂಡರೆ ಗಿಟ್‌ಹಬ್ (ಕೋಡ್ ಇಡುವ ತಾಣ), ಸ್ಲ್ಯಾಕ್‌ನಲ್ಲಿ (ತಂಡದ ಚಾಟ್ ಆ್ಯಪ್) ಎಷ್ಟು ಆಕ್ಸೆಸ್ ಕೊಡಬೇಕು?

ಆಕ್ಸೆಸ್‌ಗಿಂತ ಮೊದಲು ಕೋಡ್ ಯಾರದ್ದು ಅನ್ನೋದನ್ನ ಇತ್ಯರ್ಥ ಮಾಡಿಕೊಳ್ಳಿ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ನೌಕರ ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಕಂಪನಿಯದ್ದು. ಕಾಂಟ್ರಾಕ್ಟರ್ ಬರೆದದ್ದು ಹಾಗಲ್ಲ. ದುಡ್ಡು ಕೊಟ್ಟ ಮಾತ್ರಕ್ಕೆ ನಿಮ್ಮದಾಗಲ್ಲ, ಸಹಿ ಹಾಕಿದ ಹಕ್ಕು ವರ್ಗಾವಣೆ ಪತ್ರ ಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತ ಕಾನೂನು ಲೆಕ್ಕ ಹಿಡಿಯುತ್ತದೆ. ನೆಟ್‌ನಿಂದ ಇಳಿಸಿದ ಅಮೆರಿಕದ ಕರಾರಿನ ಟೆಂಪ್ಲೇಟನ್ನು ಹಾಗೇ ನೆಚ್ಚಬೇಡಿ.

ಗಿಟ್‌ಹಬ್‌ನಲ್ಲಿ ಆರ್ಗನೈಸೇಶನ್ ಮೆಂಬರ್ ಮಾಡದೆ, ಬೇಕಾದ ರೆಪೊಗಷ್ಟೇ (ಒಂದು ಪ್ರಾಜೆಕ್ಟ್‌ನ ಕೋಡ್ ಇರುವ ಜಾಗ) ಔಟ್‌ಸೈಡ್ ಕೊಲಾಬರೇಟರ್, ಅಂದರೆ ಹೊರಗಿನ ಸಹಯೋಗಿ ಆಗಿ ಸೇರಿಸಿ (ಪೇಯ್ಡ್ ಪ್ಲಾನ್, ಪ್ರೈವೇಟ್ ರೆಪೊ ಆದರೆ ಅದಕ್ಕೂ ಒಂದು ಸೀಟಿನ, ಅಂದರೆ ಒಬ್ಬ ಬಳಕೆದಾರರ ದುಡ್ಡು ಬೀಳುತ್ತದೆ). ನಿಮ್ಮವರೊಬ್ಬರ ರಿವ್ಯೂ ಇಲ್ಲದೆ ಮೇನ್ ಬ್ರಾಂಚ್‌ಗೆ (ಕೋಡಿನ ಮುಖ್ಯ ಪ್ರತಿ) ಅವರ ಕೋಡ್ ಮರ್ಜ್ ಆಗದಂತೆ, ಅಂದರೆ ಸೇರದಂತೆ ರೂಲ್ ಹಾಕಿ. ಸ್ಲ್ಯಾಕ್‌ನ ಪೇಯ್ಡ್ ಪ್ಲಾನ್‌ನಲ್ಲಿ ಗೆಸ್ಟ್ ಖಾತೆ ಸಾಕು, ಅದು ಮುಗಿಯುವ ದಿನಾಂಕವನ್ನೂ ಆಗಲೇ ಕೊಟ್ಟುಬಿಡಿ.

ಎಡವಟ್ಟಾಗೋದು ಕೊನೇ ದಿನ. ರೆಪೊದಿಂದ ಹೆಸರು ತೆಗೆದರೂ ಅವರ ಲ್ಯಾಪ್‌ಟಾಪ್‌ನಲ್ಲಿರುವ ಕ್ಲೋನ್ (ಕೋಡಿನ ಪೂರ್ತಿ ಪ್ರತಿ), ಗುಟ್ಟಿನ ಸೆಟ್ಟಿಂಗ್ ಇಡುವ ಡಾಟ್ ಇಎನ್‌ವಿ ಫೈಲಿನಲ್ಲಿರುವ ಡೇಟಾಬೇಸ್ ಪಾಸ್‌ವರ್ಡ್, ಎಡಬ್ಲ್ಯೂಎಸ್ (ಅಮೆಜಾನ್‌ನ ಕ್ಲೌಡ್ ಸೇವೆ) ಕೀ ಎಲ್ಲ ಹಾಗೇ ಇರುತ್ತವೆ. ಕ್ಲೋನ್ ಅಳಿಸಿದ್ದಾಗಿ ಬರೆಸಿಕೊಳ್ಳಿ. ಅವರ ಕೈಗೆ ಸಿಕ್ಕಿದ್ದ ಪ್ರತಿ ಕೀಯನ್ನೂ ಅವತ್ತೇ ಬದಲಿಸಿ.