ವಿದುರಾಶ್ವತ್ಥದ ಲೇಖನ ಕಳುಹಿಸಿದವರಿಗೆ

ಮಾನ್ಯರೇ,

ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ವಿದುರಾಶ್ವತ್ಥದಲ್ಲಿ ನಡೆದ ಗೋಲಿಬಾರಿನ ಬಗ್ಗೆ ನೀವು ಗೌರಿಬಿದನೂರಿನಿಂದ ಕಳುಹಿಸಿದ ಲೇಖನ ತಲುಪಿದೆ. ಅದನ್ನು ಪ್ರಕಟಿಸುವುದಿಲ್ಲ. ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಅದು ನೀವು ಬರೆದದ್ದಲ್ಲ. ಯಾರದೋ ಹಳೆಯ ಬರಹವನ್ನು ಎದುರಿಗಿಟ್ಟುಕೊಂಡು, ಸಾಲಿಗೆ ಮೂರು ನಾಲ್ಕು ಪದ ಕಿತ್ತು, ಸಮಾನಾರ್ಥಕ ಪದಗಳನ್ನು ಕೂರಿಸಿದ್ದೀರಿ. ಊರು, ವ್ಯಕ್ತಿಗಳ ಹೆಸರುಗಳನ್ನು ಮಾತ್ರ ಮುಟ್ಟಿಲ್ಲ.

ಮುಟ್ಟದೆ ಬಿಟ್ಟ ಆ ಹೆಸರುಗಳೇ ನಿಮ್ಮನ್ನು ಹಿಡಿದುಕೊಟ್ಟವು. ‘ಇಂದು ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿರುವ ಈ ಕ್ಷೇತ್ರ’ ಎಂದು ನಿಮ್ಮ ಮೊದಲ ಪುಟದಲ್ಲಿದೆ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಲಕೋಟೆಯ ಮೇಲೆ ಚಿಕ್ಕಬಳ್ಳಾಪುರ ಜಿಲ್ಲೆ ಎಂದು ವಿಳಾಸ ಬರೆದವರು ಒಳಗೆ ಕೋಲಾರ ಎಂದು ಬರೆದರೆ, ಆ ‘ಇಂದು’ ಬೇರೆಯವರ ಇಂದು ಎಂದು ತಿಳಿಯಲು ಎಷ್ಟು ಹೊತ್ತು ಬೇಕು?

ಬದಲಾಯಿಸಿದ ಪದಗಳು ಇನ್ನೂ ಕೆಟ್ಟ ಕೆಲಸ ಮಾಡಿವೆ. ‘ನಾಗರಕಲ್ಲು’ ನಿಮ್ಮಲ್ಲಿ ‘ಸರ್ಪಬಂಡೆ’ ಆಗಿದೆ. ಹರಕೆ ಹೊತ್ತವರು ಹಾವಿನ ರೂಪ ಕಡೆಸಿ, ಪೂಜೆ ಮಾಡಿಸಿ ಪ್ರತಿಷ್ಠಾಪಿಸುವ ಕಲ್ಲು ಅದು. ಅಲ್ಲಿ ಅವು ಸಾಲುಗಟ್ಟಿ ನಿಂತಿರುವುದನ್ನು ನೀವು ಕಂಡೇ ಇರುತ್ತೀರಿ. ಕಂಡವರು ಬಂಡೆ ಎನ್ನುವುದಿಲ್ಲ. ‘ಜಾತ್ರೆ’ಯನ್ನು ‘ಸಂತೆ’ ಮಾಡಿದ್ದೀರಿ. ದಿವಾನ್ ಮಿರ್ಜಾ ಇಸ್ಮಾಯಿಲ್ ‘ಸಚಿವ’ರಾಗಿದ್ದಾರೆ. ದಿವಾನ ಎಂಬುದು ಮೈಸೂರು ಸಂಸ್ಥಾನದ ಹುದ್ದೆಯ ಹೆಸರು. ಅಂಕಿತನಾಮದಷ್ಟೇ ಜೋಪಾನವಾಗಿ ಅದನ್ನು ಉಳಿಸಿಕೊಳ್ಳಬೇಕು.

ನನಗೆ ಸಂಕಟವಾದದ್ದು ಮೂರನೇ ಪುಟದಲ್ಲಿ. ಮೂಲದಲ್ಲಿ ‘ಪ್ರಾಣ ತೆತ್ತರು’ ಎಂದು ಇದ್ದಿರಬೇಕು, ನೀವು ‘ಉಸಿರು ಪಾವತಿಸಿದರು’ ಎಂದಿದ್ದೀರಿ. 1938ರ ಏಪ್ರಿಲ್ 25ರಂದು ನಿಷೇಧ ಮೀರಿ ಕಾಂಗ್ರೆಸ್ ಧ್ವಜ ಹಾರಿಸುವ ಧ್ವಜ ಸತ್ಯಾಗ್ರಹಕ್ಕೆಂದು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ನೆಲ ಅದು. ವಿದ್ಯುತ್ ಬಿಲ್ಲಿಗೆ ಸಲ್ಲುವ ಕ್ರಿಯಾಪದವನ್ನು ಅವರ ಸಾವಿಗೆ ಹಚ್ಚಬಾರದಿತ್ತು. ಒಮ್ಮೆ ಗಟ್ಟಿಯಾಗಿ ಓದಿಕೊಂಡಿದ್ದರೆ ನಿಮ್ಮ ಕಿವಿಯೇ ತಡೆಯುತ್ತಿತ್ತು.

ಹಾಗಾದರೆ ಬೇರೆಯವರು ಬರೆದ ವಿಷಯದ ಮೇಲೆ ಬರೆಯಲೇಬಾರದೇ ಎಂದು ಕೇಳಬಹುದು. ಧಾರಾಳವಾಗಿ ಬರೆಯಿರಿ. ಮದ್ದೂರಿನ ಬಳಿಯ ಶಿವಪುರದ ಧ್ವಜ ಸತ್ಯಾಗ್ರಹ, ಅದರ ಬೆನ್ನಿಗೇ ವಿದುರಾಶ್ವತ್ಥ, ಆಮೇಲೆ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿಯವರ ಭೇಟಿ, ದಿವಾನರೊಂದಿಗಿನ ಒಪ್ಪಂದ: ಇದು ನಡೆದ ಸಂಗತಿ, ಇದಕ್ಕೆ ಒಡೆಯರಿಲ್ಲ. ಆದರೆ ಅಲ್ಲಿ ಅಶ್ವತ್ಥ ಮರ ನೆಟ್ಟನೆಂದು ಹೇಳುವ ಮಹಾಭಾರತದ ವಿದುರನ ಕಥೆಯನ್ನು ಎಲ್ಲಿ ತರಬೇಕು, ಯಾವ ಪ್ರಶ್ನೆ ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದೆಲ್ಲ ಆ ಲೇಖಕರ ದುಡಿಮೆ. ನೀವು ಅದನ್ನೂ ಹಾಗೆಯೇ ಎತ್ತಿಕೊಂಡಿದ್ದೀರಿ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಅವರ ಕೃತಿಯನ್ನು ಕಾಯುತ್ತದೆ. ಪದಗಳ ವೇಷ ಬದಲಿಸಿದ ಮಾತ್ರಕ್ಕೆ ಅದರಿಂದ ತಪ್ಪಿಸಿಕೊಳ್ಳಲಾಗದು.

ಇಷ್ಟೆಲ್ಲ ಬರೆಯುತ್ತಿರುವುದಕ್ಕೆ ನಿಮ್ಮ ಕೊನೆಯ ಪುಟದ ಒಂದು ಸಾಲು ಕಾರಣ. ‘ಸ್ಮಾರಕದ ಹತ್ತಿರ ಬಂದರೆ ನಮ್ಮಜ್ಜಿ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ.’ ಇದು ಯಾವ ಪುಸ್ತಕದಲ್ಲೂ ಇಲ್ಲ, ಇದು ನಿಮ್ಮದು. ಅವರು ಹಾಗೇಕೆ ಮಾಡುತ್ತಾರೆ? ಆ ಗೋಲಿಬಾರಿನ ಸುದ್ದಿ ಅವರ ಮನೆಗೆ ಯಾರಿಂದ ಬಂತು? ಕೂತು ಕೇಳಿ. ನಿಮ್ಮ ಕಡೆಯ ಎಷ್ಟೋ ಮನೆಗಳ ಹಾಗೆ ಅವರೂ ತೆಲುಗಿನಲ್ಲಿ ಹೇಳಿದರೆ ಮೊದಲು ತೆಲುಗಿನಲ್ಲೇ ಗುರುತು ಹಾಕಿಕೊಳ್ಳಿ, ಕನ್ನಡಕ್ಕೆ ಆಮೇಲೆ ತಂದರಾಯಿತು. ಹಳೆಯ ಲೇಖನವನ್ನು ಇನ್ನೊಮ್ಮೆ ಓದಿ ಮುಚ್ಚಿಡಿ. ಬರೆಯುವಾಗ ಅದು ಮೇಜಿನ ಮೇಲೆ ಇರಬಾರದು. ತಾರೀಖು, ಹೆಸರು, ಹುದ್ದೆಗಳನ್ನು ತಾಳೆ ನೋಡುವುದಕ್ಕೆ ಮಾತ್ರ ಕೊನೆಯಲ್ಲಿ ತೆರೆಯಿರಿ. ಅದರಿಂದ ಏನು ಪಡೆದಿರೋ ಅದನ್ನು ಲೇಖಕರ ಹೆಸರಿನೊಂದಿಗೆ ಬರಹದೊಳಗೇ ಹೇಳಿ.

ಎರಡು ಪುಟವಾದರೂ ಸಾಕು. ಲಕೋಟೆಯ ಮೇಲೆ ‘ಸಂಪಾದಕರಿಗೆ’ ಎಂದು ಬರೆದು ಕಳುಹಿಸಿ, ನಾನೇ ಓದಿ ಉತ್ತರಿಸುತ್ತೇನೆ.

ಇತಿ,
ಸಂಪಾದಕ