ಆ ಕುರ್ಚಿ ನಿಮ್ಮ ಮಗನದು

*ಮಾನ್ಯ ಸಂಪಾದಕರೇ,*

*ಮಗನನ್ನು ಕಾಲೇಜಿಗೆ ಸೇರಿಸುವ ಓಡಾಟದಲ್ಲಿದ್ದೇವೆ. ಕಳೆದ ವಾರ ಮೊದಲ ಇಂಟರ್‌ವ್ಯೂ ಇತ್ತು. ನಾಲ್ಕು ತಿಂಗಳಿಂದ ನಾವು ತಯಾರಿ ಮಾಡಿದ್ದೆವು. ಅರ್ಜಿಯ ಪ್ರಬಂಧವನ್ನು ನಾನೇ ಎಂಟು ಸಲ ತಿದ್ದಿದ್ದೆ. ಆದರೆ ಒಳಗೆ ಹೋಗಿ ಐದು ನಿಮಿಷ ಆಗಿರಲಿಲ್ಲ, ನನ್ನನ್ನು ಹೊರಗೆ ಕೂರಲು ಹೇಳಿದರು. ಅವನು ನಾಚಿಕೆ ಸ್ವಭಾವದ ಹುಡುಗ. ಅವನ ವಿಷಯ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಾಯಿಗೆ ಇಷ್ಟೂ ಬೆಲೆ ಇಲ್ಲವೇ? ಮುಂದಿನ ವಾರ ಇನ್ನೊಂದು ಇಂಟರ್‌ವ್ಯೂ ಇದೆ. ನಾನು ಹೋಗಬೇಕೋ ಬೇಡವೋ, ನೀವೇ ಹೇಳಿ.*

*— ಒಬ್ಬ ತಾಯಿ*

ಸಂಪಾದಕರ ಉತ್ತರ

ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಕೈಯಲ್ಲಿ ಪೆನ್ಸಿಲ್ ಇತ್ತು. ಮೇಲೆ ಅಚ್ಚಾಗಿರುವುದು ಪತ್ರದ ಒಂದು ಭಾಗ ಮಾತ್ರ. ಪೂರ್ತಿ ಪತ್ರದಲ್ಲಿ 'ನಾವು', 'ನಮಗೆ' ಅನ್ನುವ ಮಾತು 14 ಕಡೆ ಬರುತ್ತದೆ. ನಾವು ಅರ್ಜಿ ಹಾಕಿದೆವು. ನಾವು ಫಿಸಿಕ್ಸ್ ತಗೊಂಡೆವು. ನಮಗೆ ಇಂಟರ್‌ವ್ಯೂಗೆ ಕರೆ ಬಂತು. ನಿಮ್ಮ ಮಗ ಆಡಿದ ಒಂದೇ ಒಂದು ಮಾತಿಗಾಗಿ ಹುಡುಕಿದೆ. ಸಿಗಲಿಲ್ಲ.

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಹದಿನೆಂಟು ವರ್ಷ ಜೋಪಾನ ಮಾಡಿದ ಮಗುವನ್ನು ಯಾರೋ ನಾಲ್ಕು ಜನ ಹದಿನೈದು ನಿಮಿಷದಲ್ಲಿ ಅಳೆದು ಬಿಡುತ್ತಾರೆ ಅಂದರೆ ಯಾವ ತಾಯಿಗೆ ನೆಮ್ಮದಿ ಇರುತ್ತದೆ? ಆದರೂ ನಿಮ್ಮನ್ನು ಹೊರಗೆ ಕೂರಿಸಿದವರು ಒಳ್ಳೆಯ ಕೆಲಸ ಮಾಡಿದರು ಅಂತಲೇ ನಾನು ಹೇಳುವುದು.

ಯಾಕೆ ಅಂತ ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ಒಂದು ಕಾಲೇಜಿನವರು ನನ್ನನ್ನು ಇಂಟರ್‌ವ್ಯೂ ಸಮಿತಿಗೆ ಕರೆದಿದ್ದರು. ಅಲ್ಲಿ ಪೋಷಕರೂ ಒಳಗೆ ಬರಬಹುದಿತ್ತು. ಒಬ್ಬ ಹುಡುಗ ಅಪ್ಪನ ಜೊತೆ ಬಂದ. "ಬಿಡುವಿದ್ದಾಗ ಏನು ಮಾಡ್ತೀಯಪ್ಪ?" ಅಂತ ಕೇಳಿದೆ. ಹುಡುಗ ಉಸಿರು ಎಳೆದುಕೊಂಡ. ಅಷ್ಟರಲ್ಲಿ ಅಪ್ಪ, "ಚೆಸ್ ಆಡ್ತಾನೆ ಸರ್, ಸೈನ್ಸ್ ಪುಸ್ತಕ ಓದ್ತಾನೆ" ಅಂದರು. ಹುಡುಗ ಬಾಯಿ ಮುಚ್ಚಿಕೊಂಡ. ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲ್ ಇತ್ತು. ಅದರ ಅಂಚನ್ನು ಹೆಬ್ಬೆರಳಿನ ಉಗುರಿನಲ್ಲಿ ಸೀಳುತ್ತಾ ಕೂತ. ಮುಂದಿನ ಮೂರು ಪ್ರಶ್ನೆಗೂ ಅಪ್ಪನದೇ ಉತ್ತರ.

ಆಮೇಲೆ ಅಪ್ಪನಿಗೆ ಫೋನ್ ಬಂತು. ಎದ್ದು ಹೊರಗೆ ಹೋದರು. ಹುಡುಗ ತಲೆ ಎತ್ತಿದ. "ಸರ್, ಚೆಸ್ ಬಿಟ್ಟು ಎರಡು ವರ್ಷ ಆಯ್ತು. ನಾನು ಹಳೇ ಗಡಿಯಾರ ಬಿಚ್ಚಿ ಜೋಡಿಸ್ತೀನಿ" ಅಂದ. ಕೀಲಿ ಕೊಡುವ ಕೈಗಡಿಯಾರ ಇದ್ದಕ್ಕಿದ್ದಂತೆ ಮುಂದೆ ಓಡತೊಡಗಿದರೆ ಮೊದಲು ಏನು ನೋಡಬೇಕು ಅಂತ ಹೇಳಿದ. ಒಳಗೆ ಕೂದಲಿನಷ್ಟು ಸಣ್ಣ ಸ್ಪ್ರಿಂಗ್ ಇರುತ್ತದಂತೆ. ಅದಕ್ಕೆ ಎಣ್ಣೆ ತಾಗಿ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡರೆ ಸ್ಪ್ರಿಂಗ್ ಗಿಡ್ಡವಾದ ಹಾಗೆ. ಆಗ ಚಕ್ರ ಬೇಗ ಬೇಗ ಆಡುತ್ತದೆ. ಇದನ್ನೆಲ್ಲ ಬೆರಳಿನಿಂದ ಗಾಳಿಯಲ್ಲಿ ಸುರುಳಿ ಬರೆದು ತೋರಿಸಿದ. ನಾವು ನಾಲ್ವರೂ ಮೇಜಿನ ಮೇಲೆ ಬಗ್ಗಿ ಕೇಳುತ್ತಿದ್ದೆವು. ಬಾಗಿಲು ತೆರೆಯಿತು, ಅಪ್ಪ ಬಂದರು. ಹುಡುಗ ಮತ್ತೆ ಫೈಲ್ ಸೀಳತೊಡಗಿದ.

ಆ ಅಪ್ಪ ಕೆಟ್ಟವರಲ್ಲ. ಮಗನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಎರಡು ವರ್ಷ ಹಳೆಯದಾಗಿತ್ತು, ಅಷ್ಟೇ. "ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು" ಅಂತ ನೀವು ಬರೆದಿದ್ದೀರಿ. ಅದನ್ನು ಓದಿದಾಗ ನೆನಪಾದದ್ದು ಅವರೇ.

ನಾನೂ ಇದೇ ತಪ್ಪು ಮಾಡಿದ್ದೇನೆ. ಮಗಳು ಅರ್ಜಿಗೆ ಪ್ರಬಂಧ ಬರೆದಿದ್ದಳು. ಅಜ್ಜಿಯ ಕಿವಿಯ ಮಿಷನ್ನಿಗೆ ವಾರಕ್ಕೊಮ್ಮೆ ಬ್ಯಾಟರಿ ಹಾಕುವ ವಿಷಯ. ತೀರಾ ಚಿಕ್ಕದಾಯಿತು ಅನ್ನಿಸಿತು ನನಗೆ. ಹೊಡೆದು ಹಾಕಿ, ಸಮಾಜಸೇವೆ, ನಾಯಕತ್ವ ಅಂತೆಲ್ಲ ಸೇರಿಸಿ ಹೊಸದು ಬರೆದುಕೊಟ್ಟೆ. ಅವಳು ಪೂರ್ತಿ ಓದಿದಳು. "ಚೆನ್ನಾಗಿದೆ ಅಪ್ಪ. ಇದು ಯಾರ ಬಗ್ಗೆ?" ಅಂದಳು. ಆ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಅಮೆರಿಕದ ನೂರಾರು ಕಾಲೇಜುಗಳು ಒಪ್ಪುವ ಕಾಮನ್ ಆ್ಯಪ್ ಅರ್ಜಿಯಲ್ಲಿ ಪ್ರಬಂಧಕ್ಕೆ 650 ಪದಗಳ ಮಿತಿ ಇದೆ. ಅಷ್ಟು ಸಣ್ಣ ಜಾಗದಲ್ಲಿ ಇಬ್ಬರು ಹಿಡಿಸುವುದಿಲ್ಲ.

ಇನ್ನೊಂದು ಮಾತು. ಕಾಲೇಜುಗಳು ಅಪ್ಪ-ಅಮ್ಮನ ವಿಷಯಕ್ಕೆ ತುಂಬಾ ಬೆಲೆ ಕೊಟ್ಟ ಕಾಲವೂ ಇತ್ತು. ಅದು ಒಳ್ಳೆಯ ಕಾಲವಾಗಿರಲಿಲ್ಲ. 1920ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಯಹೂದಿ ಹುಡುಗರು ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿ ಜಾಸ್ತಿ ಸಂಖ್ಯೆಯಲ್ಲಿ ಬರತೊಡಗಿದ್ದರು. ಅವರ ಸಂಖ್ಯೆಗೆ ಮಿತಿ ಹಾಕಬೇಕು ಅಂತ ಅಧ್ಯಕ್ಷರಾಗಿದ್ದ ಲೊವೆಲ್ 1922ರಲ್ಲಿ ಹೊರಟರು. ಆಗ ಅರ್ಜಿಯಲ್ಲಿ ಹೊಸ ಪ್ರಶ್ನೆಗಳು ಬಂದವು. ತಾಯಿಯ ತವರಿನ ಹೆಸರೇನು? ತಂದೆ ಹುಟ್ಟಿದ್ದೆಲ್ಲಿ? ನಿನ್ನ ಹೆಸರಾಗಲಿ ತಂದೆಯ ಹೆಸರಾಗಲಿ ಹುಟ್ಟಿದ ಮೇಲೆ ಬದಲಾಗಿದೆಯೇ? 1926ರ ಹೊತ್ತಿಗೆ ಫೋಟೊ ಕೂಡ ಬೇಕಾಯಿತು. 'ನಡತೆ', 'ವ್ಯಕ್ತಿತ್ವ' ನೋಡುತ್ತೇವೆ ಅಂದರು. ನೋಡಿದ್ದು ಯಾರ ಮನೆಯ ಮಗ ಅನ್ನುವುದನ್ನು. ನಿಮ್ಮ ಮಗನನ್ನು ಒಬ್ಬನೇ ಕೂರಿಸಿ ಮಾತಾಡಿಸಿದಾಗ ಅಷ್ಟರ ಮಟ್ಟಿಗಾದರೂ ಅವನಿಗೆ ನ್ಯಾಯ ಸಿಕ್ಕಿತು.

ತಮ್ಮ ಕೈ ಮುಂದೆ ಮಾಡಿದ ಪೋಷಕರ ಕಥೆ 2019ರ ಮಾರ್ಚ್‌ನಲ್ಲಿ ಅಮೆರಿಕದ ಕೋರ್ಟಿಗೇ ಬಂತು. ದುಡ್ಡಿದ್ದವರು ಮಧ್ಯವರ್ತಿಯೊಬ್ಬನಿಗೆ ಹಣ ಕೊಟ್ಟು ಮಕ್ಕಳ ಪರೀಕ್ಷೆಯ ಉತ್ತರ ತಿದ್ದಿಸಿದ್ದರು. ಆಡದ ಆಟದ ಆಟಗಾರರು ಅಂತ ಫೋಟೊ ಮಾಡಿಸಿದ್ದರು. ಅವನಿಗೆ 2023ರಲ್ಲಿ ಮೂರೂವರೆ ವರ್ಷ ಶಿಕ್ಷೆಯಾಯಿತು. ಆದರೆ ನನ್ನನ್ನು ಕಾಡಿದ್ದು ಬೇರೆ ಸಂಗತಿ. ತಮ್ಮ ಹೆಸರಿನಲ್ಲಿ ಇದೆಲ್ಲ ನಡೆದಿದೆ ಅಂತ ಎಷ್ಟೋ ಮಕ್ಕಳಿಗೆ ಗೊತ್ತೇ ಇರಲಿಲ್ಲ. ನೀವು ಅಂಥವರಲ್ಲ, ಬಲ್ಲೆ. ಎಂಟು ಸಲ ತಿದ್ದಿದ ಪ್ರಬಂಧದಲ್ಲಿ ಎಷ್ಟು ಸಾಲು ಮಗನವು ಉಳಿದಿವೆ ಅಂತ ಮಾತ್ರ ಒಮ್ಮೆ ಎಣಿಸಿ ನೋಡಿ.

ಇಂಟರ್‌ವ್ಯೂ ಚೆನ್ನಾಗಿ ಆಗದಿದ್ದರೆ ಬದುಕೇ ಮುಗಿಯಿತು ಅನ್ನುವ ಭಯ ಇದ್ದರೆ ಹ್ಯೂಸ್ಟನ್ನಿನ ವಿಷಯ ಕೇಳಿ. 1979ರಲ್ಲಿ ಅಲ್ಲಿನ ಟೆಕ್ಸಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು 800 ಜನರನ್ನು ಇಂಟರ್‌ವ್ಯೂ ಮಾಡಿ, ಒಂದರಿಂದ 800ರವರೆಗೆ ಸಾಲಾಗಿ ನಿಲ್ಲಿಸಿತ್ತು. ಮೇಲಿನ ಸಾಲಿನಿಂದ 150 ಜನರನ್ನು ಸೇರಿಸಿಕೊಂಡಿತು. ಆಮೇಲೆ ಸರ್ಕಾರ ಇನ್ನೂ 50 ಜನರನ್ನು ತಗೊಳ್ಳಿ ಅಂದಿತು. ಅಷ್ಟರಲ್ಲಿ ಒಳ್ಳೆ ರ‍್ಯಾಂಕಿನವರು ಬೇರೆ ಕಡೆ ಹೋಗಿಯಾಗಿತ್ತು. 700ರಿಂದ ಆಚೆಗೆ, ಸಾಲಿನ ಬಾಲದಲ್ಲಿದ್ದವರೇ ಬಂದರು. ಓದು ಮುಗಿಯುವಾಗ ನೋಡಿದರೆ ಇವರಿಗೂ ಮೊದಲು ಬಂದವರಿಗೂ ವ್ಯತ್ಯಾಸವೇ ಇಲ್ಲ. ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತೀವಲ್ಲ, ಹದಿನೈದು ನಿಮಿಷದಲ್ಲಿ ಮೊಳಕೆ ಗುರುತಿಸುವ ಕಣ್ಣು ದೊಡ್ಡ ದೊಡ್ಡ ಪ್ರೊಫೆಸರುಗಳಿಗೂ ಇಲ್ಲ.

ಒಳ್ಳೆಯ ಕಡೆ ಇದನ್ನು ಅರಿತುಕೊಂಡಿದ್ದಾರೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ವೈದ್ಯಕೀಯ ಕೋರ್ಸಿಗೆ ಒಂದೇ ದೊಡ್ಡ ಇಂಟರ್‌ವ್ಯೂ ಬಿಟ್ಟು ಹಲವು ಪುಟ್ಟ ಪುಟ್ಟ ಭೇಟಿಗಳನ್ನು ಶುರು ಮಾಡಿದರು. ಬಾಗಿಲ ಮುಂದೆ ಒಂದು ಸನ್ನಿವೇಶ ಬರೆದಿರುತ್ತದೆ. ಓದಲು ಎರಡು ನಿಮಿಷ, ಒಳಗೆ ಎಂಟು ನಿಮಿಷ. ಒಬ್ಬರ ಹತ್ತಿರ ತಡವರಿಸಿದರೆ ಮುಂದಿನ ಬಾಗಿಲಲ್ಲಿ ಹೊಸಬರು ಇರುತ್ತಾರೆ. ಆಕ್ಸ್‌ಫರ್ಡಿನವರು ಮಾದರಿ ಪ್ರಶ್ನೆಗಳನ್ನು ತಾವೇ ಪ್ರಕಟಿಸುತ್ತಾರೆ. ಗೊತ್ತಿಲ್ಲದ ವಿಷಯ ಎದುರಾದಾಗ ಹುಡುಗ ಹೇಗೆ ಯೋಚಿಸುತ್ತಾನೆ ಅಂತ ನೋಡುವುದೇ ಅವರ ಉದ್ದೇಶ. ನಾಲ್ಕು ತಿಂಗಳು ಬಾಯಿಪಾಠ ಮಾಡಿಸಿದ ಉತ್ತರ ಅಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ.

ನಾಚಿಕೆ ಅಂದಿರಿ. ಇದು ಇಂಟರ್‌ವ್ಯೂ ದಿನ ಹುಟ್ಟುವಂಥದ್ದಲ್ಲ ಅಮ್ಮಾ. ಡಾಕ್ಟರು "ಎಲ್ಲಿ ನೋವು ಪುಟ್ಟಾ?" ಅಂತ ಮಗುವನ್ನು ಕೇಳುತ್ತಾರೆ, ಹೊಟ್ಟೆನೋವು ಅಂತ ನಾವು ಹೇಳುತ್ತೇವೆ. ಮನೆಗೆ ಬಂದವರು "ಯಾವ ಕ್ಲಾಸು?" ಅಂತ ಕೇಳಿದರೂ ಉತ್ತರ ನಮ್ಮದೇ. ಹದಿನೇಳು ವರ್ಷ ಎಲ್ಲ ಪ್ರಶ್ನೆಗೂ ಅಡ್ಡ ನಿಂತು, ಹದಿನೆಂಟನೇ ವರ್ಷ "ಇವನು ಮಾತೇ ಆಡಲ್ಲ" ಅಂತ ದೂರುತ್ತೇವೆ. ನನಗೆ ಈ ವಿಷಯದಲ್ಲಿ ನಿಜವಾಗಿಯೂ ಸಿಟ್ಟಿದೆ. ನಿಮ್ಮೊಬ್ಬರ ಮೇಲಲ್ಲ, ನಮ್ಮೆಲ್ಲರ ಮೇಲೆ. ಮಕ್ಕಳು ಉತ್ತರ ಹುಡುಕುವಾಗ ಆಗುವ ಆ ಐದಾರು ಸೆಕೆಂಡಿನ ಮೌನ ನಮಗೆ ತಡೆಯಲಾಗುವುದಿಲ್ಲ. ಸುಮ್ನೆ ಕಾಯಬೇಕು, ಅಷ್ಟೇ ಅಲ್ವಾ?

ಮುಂದಿನ ವಾರ ಖಂಡಿತ ಹೋಗಿ. ದಾರಿಯುದ್ದಕ್ಕೂ ಜೊತೆಗಿರಿ. ಫೈಲ್ ಅವನ ಕೈಯಲ್ಲಿರಲಿ. ಹೆಸರು ಕೂಗಿದಾಗ ನೀವು ಕೂತಲ್ಲೇ ಕೂತಿರಿ. ಹೊರಗೆ ಬಂದ ತಕ್ಷಣ "ಏನು ಕೇಳಿದ್ರು, ನೀನೇನಂದೆ" ಅಂತ ಶುರು ಮಾಡಬೇಡಿ. ಅವನೇ ಹೇಳುವವರೆಗೆ ಕಾಯಿರಿ. ಅರ್ಧ ಗಂಟೆಯಾಗಬಹುದು, ರಾತ್ರಿಯಾಗಬಹುದು. ಹೇಳಿದ ಮೇಲೆ ನನಗೆ ಇನ್ನೊಂದು ಪತ್ರ ಬರಲಿ. ಈ ಸಲ ಅವನೇ ಬರೆದರೆ, ಒಂದಕ್ಷರವನ್ನೂ ತಿದ್ದದೆ ಅಚ್ಚು ಹಾಕುತ್ತೇನೆ.