ದಡದಿಂದಲೇ ಹವಳದ ದಿಬ್ಬಕ್ಕೆ ಇಳಿಯುವುದು

ಪ್ರಶ್ನೆ: ನೇತ್ರಾಣಿಯಲ್ಲಿ ದೋಣಿಯಿಂದ ಇಳಿದು ಡೈವಿಂಗ್ ಕಲಿತಿದ್ದೇನೆ. ಜನವರಿಯಲ್ಲಿ ಅಂಡಮಾನಿನ ಹ್ಯಾವ್‌ಲಾಕ್‌ಗೆ ಹೋಗುವವರಿದ್ದೇವೆ. ಅಲ್ಲಿನ ನೆಮೊ ರೀಫ್‌ಗೆ ದಡದಿಂದಲೇ ನಡೆದು ಇಳಿಯಬಹುದಂತೆ. ಅಷ್ಟು ಕಡಿಮೆ ಆಳದಲ್ಲಿ ನೋಡುವಂಥದ್ದು ಏನಿದೆ? ಯಾವ ಎಚ್ಚರ ವಹಿಸಬೇಕು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಖಂಡಿತ ಇಳಿಯಿರಿ. 2018ರಿಂದ ಸ್ವರಾಜ್ ದ್ವೀಪ ಎಂದು ಕರೆಯಲಾಗುವ ಹ್ಯಾವ್‌ಲಾಕ್‌ನಲ್ಲಿ ನೆಮೊ ರೀಫ್ ಹೊಸಬರಿಗಷ್ಟೇ ತಕ್ಕ ಜಾಗ ಎಂಬ ಮಾತಿದೆ. ನಾನು ಅದನ್ನು ಒಪ್ಪುವುದಿಲ್ಲ. ಹವಳದ ದೇಹದೊಳಗೆ ನೆಲೆಸಿರುವ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಅದಕ್ಕೂ ಉಣಿಸುವುದರಿಂದ, ಬೆಳಕು ಧಾರಾಳವಾಗಿರುವ ಕಡಿಮೆ ಆಳದಲ್ಲೇ ಹವಳ ಸಮೃದ್ಧವಾಗಿ ಬೆಳೆಯುತ್ತದೆ. ಕೆಂಪು ಬಣ್ಣ ನೀರಿನಲ್ಲಿ ಬೇಗನೆ ಮಾಸಿಹೋಗುವುದರಿಂದ, ಮೀನುಗಳ ನಿಜವಾದ ಬಣ್ಣ ಕಾಣುವುದೂ ಇಲ್ಲಿಯೇ. ಇನ್ನೊಂದು ಲಾಭವೆಂದರೆ, 18 ಮೀಟರ್ ಆಳಕ್ಕೆ ಹೋಲಿಸಿದರೆ 5 ಮೀಟರ್‌ನಲ್ಲಿ ಅದೇ ಸಿಲಿಂಡರ್ ಸುಮಾರು ಎರಡರಷ್ಟು ಹೊತ್ತು ಬರುತ್ತದೆ.

ಹೀಗೆ ಸಿಕ್ಕಿದ ಹೊತ್ತನ್ನು ಅತ್ತಿತ್ತ ಈಜುವುದರಲ್ಲಿ ಕಳೆಯದೆ, ಒಂದೇ ಹವಳದ ಬಂಡೆಯ ಬಳಿ ಅಲುಗಾಡದೆ ಕಾಯಿರಿ ಎಂಬುದು ನನ್ನ ಮುಖ್ಯ ಸಲಹೆ. ಬಂಡೆಗೆ ಅಂಟಿಕೊಂಡು ಬದುಕುವ, ಹೂವಿನಂತೆ ಕಾಣುವ ಅನಿಮೋನ್ ಎಂಬ ಪ್ರಾಣಿಯ ಎಳೆಗಳ ನಡುವೆ ಬಾಳುವ ಕ್ಲೌನ್ ಮೀನುಗಳ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅದರ ನಂತರದ್ದು ಸಂತಾನೋತ್ಪತ್ತಿಯಲ್ಲಿ ತೊಡಗುವ ಗಂಡು. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಅನಿಮೋನ್‌ನ ಬುಡದಲ್ಲಿ ಇಟ್ಟ ಮೊಟ್ಟೆಗಳಿಗೆ ರೆಕ್ಕೆಯಿಂದ ನೀರು ಬೀಸುತ್ತಿರುವ ಮೀನು ಕಂಡರೆ ಅದು ಬಹುಮಟ್ಟಿಗೆ ತಂದೆ. ಅವಸರದಲ್ಲಿ ಸುಳಿದು ಹೋಗುವವರಿಗೆ ಇದಾವುದೂ ಕಾಣದು. ಪ್ಯಾರಟ್ ಮೀನುಗಳು ಬಂಡೆಯನ್ನು ಕೆರೆದು ತಿನ್ನುವ ಸದ್ದಿಗೂ ಕಿವಿಗೊಡಿ.

ಆದರೆ ಆಳ ಕಡಿಮೆಯಾದಷ್ಟೂ ತೇಲುವಿಕೆಯ ಹತೋಟಿ ಕಷ್ಟವಾಗುತ್ತದೆ. ಮೇಲ್ಮೈಯಿಂದ 10 ಮೀಟರ್‌ಗೆ ಇಳಿಯುವಾಗ ಒತ್ತಡ ಇಮ್ಮಡಿಯಾಗುತ್ತದೆ, ಮುಂದಿನ 10 ಮೀಟರ್‌ಗೆ ಒಂದೂವರೆ ಪಟ್ಟು ಮಾತ್ರ; ಆದ್ದರಿಂದ ಇಲ್ಲಿ ತುಸು ಮೇಲೇರಿದರೂ ತೇಲುವಿಕೆಗಾಗಿ ತೊಡುವ ಜಾಕೆಟ್‌ನ ಗಾಳಿ ಹಿಗ್ಗಿ ನಿಮ್ಮನ್ನು ಎತ್ತುತ್ತದೆ, ಗಾಬರಿಯಲ್ಲಿ ಗಾಳಿ ಬಿಟ್ಟರೆ ಮೊಣಕಾಲು ಹವಳಕ್ಕೆ ತಾಗುತ್ತದೆ. 2010ರಲ್ಲಿ ನೀರು ಬಿಸಿಯೇರಿ ಬಿಳಿಚಿಕೊಂಡ ಅಂಡಮಾನಿನ ಹವಳಗಳಲ್ಲಿ ಬಹಳಷ್ಟು ಸತ್ತುಹೋಗಿವೆ. ಹೊಸದಾಗಿ ಚಿಗುರುವ ಎಳೆಯ ಹವಳಕ್ಕೆ ಕಾಲಿಗೆ ತೊಟ್ಟ ಈಜುರೆಕ್ಕೆಯ (ಫಿನ್) ಒಂದು ಏಟು ಸಾಕು, ಆದ್ದರಿಂದ ಮೊದಲು ಖಾಲಿ ಮರಳಿನ ಮೇಲೆ ಹತೋಟಿ ಅಭ್ಯಾಸ ಮಾಡಿಕೊಳ್ಳಿ. ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ದಡದಲ್ಲಿ ಬಿದ್ದ ಸತ್ತ ತುಂಡನ್ನೂ ಮನೆಗೆ ತರಬೇಡಿ.

ಇಳಿತದ ಹೊತ್ತಿನಲ್ಲಿ ಅಲ್ಲಿ ನೀರು ಬಹುದೂರ ಸರಿದು ಮೊನಚಾದ ಕಲ್ಲುಗಳು ಹೊರಬೀಳುತ್ತವೆ. ಉಬ್ಬರದ ಹೊತ್ತನ್ನು ವಿಚಾರಿಸಿಕೊಂಡು, ದಪ್ಪ ಅಟ್ಟೆಯ ಬೂಟು ತೊಟ್ಟು, ಸ್ಥಳೀಯ ಬೋಧಕರೊಂದಿಗೇ ಇಳಿಯಿರಿ. ಕಲ್ಲಿನಂತೆಯೇ ಕಾಣುವ ಸ್ಟೋನ್ ಫಿಶ್‌ನ ಬೆನ್ನುಮುಳ್ಳಿನಲ್ಲಿ ವಿಷವಿರುವುದರಿಂದ ಎಲ್ಲಿಯೂ ಕೈಯೂರಬಾರದು. 2010ರಲ್ಲಿ ಇದೇ ದ್ವೀಪದಲ್ಲಿ ಉಪ್ಪುನೀರಿನ ಮೊಸಳೆಯ ದಾಳಿಗೆ ಪ್ರವಾಸಿಯೊಬ್ಬರು ಬಲಿಯಾಗಿದ್ದಾರೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚಿನಲ್ಲಾಗಲಿ, ಮುಸ್ಸಂಜೆಯಲ್ಲಾಗಲಿ ನೀರಿಗಿಳಿಯಬೇಡಿ. ಹಲವು ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡುವಿರಬೇಕಾದ್ದರಿಂದ, ಮರಳುವ ಟಿಕೆಟ್ಟನ್ನು ಈಗಲೇ ಅದಕ್ಕೆ ಹೊಂದಿಸಿಕೊಳ್ಳಿ.